ಆಕಿ ಪಾಳಿ ಬರ್ಲಿ

ಪಂಚಮಿಗೆ ತವರಿಗೆ ಹೋಗುವುದನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಅಪ್ಪ ಅವ್ವ ಹೋಗಿ ವರ್ಷಗಳಾದವು. ತಮ್ಮ ಇದ್ದಾನೆ, ಅವನ ಹೆಂಡತಿ ಇದ್ದಾಳೆ, ಕರೆಯುತ್ತಾರೆ, ಹೋಗುತ್ತೇನೆ. ಈ ಸಲ ನಾನು ಬ್ಯಾಗು ಇಳಿಸುವ ಹೊತ್ತಿಗೆ ಪಡಸಾಲೆಯಲ್ಲಿ ಹುರಿದ ಶೇಂಗಾದ ರಾಶಿ ಆರುತ್ತ ಬಿದ್ದಿತ್ತು. ಉಂಡಿ ಕಟ್ಟುವ ಮೊದಲು ಸಿಪ್ಪೆ ಹೋಗಬೇಕಲ್ಲ. ಎರಡು ಅಂಗೈ ನಡುವೆ ಹಿಡಿ ಕಾಳು ಇಟ್ಟು ತಿಕ್ಕುವುದು, ಮೊರಕ್ಕೆ ಸುರಿದು ಕೇರುವುದು. ಕೆಂಪು ಸಿಪ್ಪೆ ಹಾರಿ ಅಂಗಳದ ತನಕ ಹೋಗುತ್ತದೆ. ತಮ್ಮನ ಮಗ ಪಿಯುಸಿ ಎರಡನೇ ವರ್ಷದವನು, ತಿಕ್ಕಲು ಕೂತಿದ್ದ. ಅವನ ತಂಗಿ ಒಂಬತ್ತನೇ ಇಯತ್ತೆಯವಳು, ಕೇರಲು ಕೂತಿದ್ದಳು.

ಹುಡುಗನ ಒಂದು ಕಿವಿಯಲ್ಲಿ ಇಯರ್‌ಬಡ್ ಇತ್ತು. ಅವನು ಕಾಳು ತಿಕ್ಕುವುದರಲ್ಲೇ ಒಂದು ಲಯ ಕೇಳುತ್ತಿತ್ತು. ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ, ನಡುವೆ ಒಂದು ಚಪ್ಪಾಳೆ. ತಲೆ ಮುಂದಕ್ಕೆ ಹಿಂದಕ್ಕೆ ತೂಗುತ್ತಿತ್ತು. ಕಾಳೆಲ್ಲ ಲಯಕ್ಕೆ ಸರಿಯಾಗಿ ಮೊರಕ್ಕೆ ಬೀಳುವುದನ್ನು ನೋಡಿ ನನಗೂ ಹುರುಪು ಬಂತು.

“ಏನ್ ಕೇಳಾಕತ್ತೀಯೋ?”

“ರ‍್ಯಾಪ್, ಅತ್ತಿ. ನಿನಗ ತಿಳಿಯಂಗಿಲ್ಲ ಬಿಡು.”

“ಕೊಡು ಇಲ್ಲೆ.”

ಅವನು ಒಂದು ಕ್ಷಣ ಹಿಂದುಮುಂದು ನೋಡಿ ಕೊಟ್ಟ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಎಷ್ಟೇ ಜೋರಾಗಿ ಓಡಿದರೂ ಕೆಲವು ಮಾತಾದರೂ ಕೈಗೆ ಸಿಗುತ್ತವೆ. ತಾಳ ಚೆನ್ನಾಗಿತ್ತು, ಎದೆಯೊಳಗೆ ಯಾರೋ ಹಲಗೆ ಬಾರಿಸಿದ ಹಾಗೆ. ಪ್ರಾಸವೂ ಗಟ್ಟಿ. ಆದರೆ ಹೆಣ್ಣುನಾಯಿಗೆ ಇಂಗ್ಲಿಷಿನಲ್ಲಿ ಇರುವ ಶಬ್ದ ಮೂರು ಸಲ ಬಂತು. ಮೂರು ಸಲವೂ ಅದು ಒಬ್ಬ ಹುಡುಗಿಯನ್ನು ಕುರಿತದ್ದು. ದುಡ್ಡಿಗಾಗಿ ಬಂದವಳು, ನಂಬಬಾರದವಳು, ಬಳಸಿ ಬಿಡಬೇಕಾದವಳು. ನಾನು ಇಯರ್‌ಬಡ್ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನ ಮುಖ ಕೆಂಪಾಗಿತ್ತು.

“ಮಾತು ಯಾರ್ ಕೇಳ್ತಾರ ಅತ್ತಿ? ನಾವು ಬರೇ ಬೀಟ್ ಕೇಳೋದು” ಅಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ, ತನ್ನ ಮಟ್ಟಿಗೆ ಅದು ನಿಜವೆಂದೇ ನಂಬಿದ್ದ. ಆದರೆ ಇಷ್ಟು ಹೊತ್ತು ಅವನ ತುಟಿ ಅಲುಗುತ್ತಿದ್ದದ್ದನ್ನು ನಾನು ನೋಡಿದ್ದೆ. ಹಾಡಿನ ಒಂದೊಂದು ಶಬ್ದವೂ ಅವನಿಗೆ ಬಾಯಿಪಾಠ. ಪಕ್ಕದಲ್ಲಿ ಅವನ ತಂಗಿ ಕೇರುವುದನ್ನು ನಿಲ್ಲಿಸಿ ಒಮ್ಮೆ ಅಣ್ಣನನ್ನು ನೋಡಿದಳು, ಮತ್ತೆ ಮೊರಕ್ಕೆ ಕಣ್ಣು ಹಾಕಿದಳು. ಏನೂ ಅನ್ನಲಿಲ್ಲ. ಊರಿನಿಂದ ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಣ್ಣೆದುರು ನಿಂತದ್ದು ಆ ಹುಡುಗಿಯ ಸುಮ್ಮನಿರುವಿಕೆಯೇ. ಈ ಬರಹ ಅಲ್ಲಿಂದ ಶುರುವಾದದ್ದು.

ನಮ್ಮ ಕಡೆ ಜಾತ್ರೆಗಳಲ್ಲಿ ಹರದೇಶಿ–ನಾಗೇಶಿ ಹಾಡಿಕೆ ನಡೆಯುತ್ತಿತ್ತು. ಈಗಲೂ ಅಲ್ಲಲ್ಲಿ ನಡೆಯುತ್ತದೆ. ನೋಡದವರಿಗೆ ಎರಡು ಮಾತು ಹೇಳಬೇಕು. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ದಪ್ಪು, ತಾಳ, ತುಂತುಣಿ. ಹರದೇಶಿ ಮೇಳದವರು ಹರನ ಪಕ್ಷ, ಅಂದರೆ ಪುರುಷನೇ ಮೇಲು ಎಂದು ಹಾಡುವವರು. ನಾಗೇಶಿಯವರು ಶಕ್ತಿಯ ಪಕ್ಷ, ಹೆಣ್ಣೇ ಮೇಲು ಎಂದು ಹಾಡುವವರು; ಅಲ್ಲಿ ಹಾಡುಗಾರ್ತಿಯರೇ ಮುಂದಾಳುಗಳು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಪುರಾಣ, ಒಗಟು, ತತ್ತ್ವ, ಚೇಷ್ಟೆ ಎಲ್ಲವೂ ಬರುತ್ತದೆ. ಹೆಣ್ಣಿನ ಮೇಲೆ ಗಂಡಿನ ಮೇಳ ಎಸೆಯುವ ಮಾತು ಕೆಲವು ಸಲ ಮುಖಕ್ಕೆ ಹೊಡೆದ ಹಾಗೆ ಇರುತ್ತಿತ್ತು. ಜನ ಹೋ ಎಂದು ನಗುತ್ತಿದ್ದರು.

ಆರೇಳು ವರ್ಷದವಳಿದ್ದಾಗ ಆಯಿಯ ತೊಡೆಯ ಮೇಲೆ ಕಂಬಳಿ ಹೊದ್ದು ಅದನ್ನು ಕೇಳಿದ ನೆನಪು. ಗ್ಯಾಸ್‌ಬತ್ತಿಯ ಸುತ್ತ ಹುಳ ಹಾರುತ್ತಿದ್ದವು. ನಿದ್ದೆ ಎಳೆಯುತ್ತಿತ್ತು. “ಮನಿಗೆ ಹೋಗೂಣ ಆಯಿ” ಎಂದು ನಾನು ಅಳು ತೆಗೆದರೆ ಆಯಿ ಏಳುತ್ತಿರಲಿಲ್ಲ. “ತಡಿ, ಆಕಿ ಪಾಳಿ ಬರ್ಲಿ” ಅನ್ನುತ್ತಿದ್ದಳು. ಹರದೇಶಿಯವನು ಹೆಣ್ಣಿಗೆ ಏನೆಲ್ಲ ಅಂದಿದ್ದಾನೆ, ಈಗ ಆಕೆ ಏನು ಜವಾಬು ಕೊಡುತ್ತಾಳೆ ಕೇಳದೆ ಎದ್ದು ಹೋಗುವುದು ಹೇಗೆ? ಆಯಿ ಒಬ್ಬಳೇ ಅಲ್ಲ, ಕೂತಿದ್ದ ಹೆಂಗಸರು ಯಾರೂ ಏಳುತ್ತಿರಲಿಲ್ಲ. ಆಕೆ ದಪ್ಪು ಎತ್ತಿ ಒಂದು ಹೆಜ್ಜೆ ಮುಂದೆ ಬಂದಳೆಂದರೆ ಆ ಇಡೀ ಗುಂಪು ನೆಟ್ಟಗೆ ಕೂರುತ್ತಿತ್ತು.

ಇದನ್ನು ಇಲ್ಲಿ ತಂದದ್ದಕ್ಕೆ ಕಾರಣವಿದೆ. ರ‍್ಯಾಪ್ ಬಗ್ಗೆ ಓದುತ್ತ ಹೋದಂತೆ, ಅದು ಹುಟ್ಟಿದ ಅಂಗಳದಲ್ಲೂ ಒಬ್ಬಳು ಆಕೆ ಇದ್ದಳು ಎಂದು ತಿಳಿಯಿತು.

ನ್ಯೂಯಾರ್ಕ್ ನಗರದ ಬ್ರಾಂಕ್ಸ್. 1970ರ ದಶಕದ ಬ್ರಾಂಕ್ಸ್ ಎಂದರೆ ಅರ್ಧ ಸುಟ್ಟ ಊರು. ವಸತಿಗಳ ನಡುವೆ ಹೆದ್ದಾರಿ ಸೀಳಿಕೊಂಡು ಹೋಗಿತ್ತು, ಕೆಲಸ ಕೊಡುತ್ತಿದ್ದ ಕಾರ್ಖಾನೆಗಳು ಎದ್ದು ಹೋಗಿದ್ದವು, ಕಟ್ಟಡಗಳಿಗೆ ಬೆಂಕಿ ಬೀಳುತ್ತಲೇ ಇತ್ತು. ಅಲ್ಲಿ ಸೆಜ್ವಿಕ್ ಅವೆನ್ಯೂದ 1520ನೇ ನಂಬರಿನ ಕಟ್ಟಡದಲ್ಲಿ ಜಮೈಕಾದಿಂದ ಬಂದ ಕ್ಯಾಂಪ್‌ಬೆಲ್ ಕುಟುಂಬ ಇತ್ತು. ಮಗಳು ಸಿಂಡಿಗೆ ಶಾಲೆ ಶುರುವಾಗುವ ಮೊದಲು ಹೊಸ ಬಟ್ಟೆ ಬೇಕಿತ್ತು. ದುಡ್ಡು ಹೊಂದಿಸಲು ಆಕೆ ಒಂದು ಉಪಾಯ ಮಾಡಿದಳು. ಕಟ್ಟಡದ ಕೆಳಗಿನ ಕೋಣೆ ಬಾಡಿಗೆ ಹಿಡಿದು, ಕೈಯಿಂದ ಕಾರ್ಡು ಬರೆದು ಹಂಚಿ, 1973ರ ಆಗಸ್ಟ್ 11ರ ರಾತ್ರಿ ಒಂದು ಕುಣಿತದ ಕೂಟ ಏರ್ಪಡಿಸಿದಳು. ಹುಡುಗಿಯರಿಗೆ 25 ಸೆಂಟು, ಹುಡುಗರಿಗೆ 50 ಸೆಂಟು. ರೆಕಾರ್ಡು ಹಾಕಲು ಅಣ್ಣ ಕ್ಲೈವ್‌ನನ್ನು ಕೂರಿಸಿದಳು. ಅವನೇ ಮುಂದೆ ಡಿಜೆ ಕೂಲ್ ಹರ್ಕ್ ಎಂದು ಹೆಸರಾದವನು. ಹಾಡಿನಲ್ಲಿ ಮಾತು ನಿಂತು ಬರೀ ತಾಳ ಉಳಿಯುವ ತುಣುಕು ಇರುತ್ತದಲ್ಲ, ಅದಕ್ಕೇ ಜನ ಹೆಚ್ಚು ಕುಣಿಯುತ್ತಾರೆ ಎಂಬುದನ್ನು ಕಂಡುಕೊಂಡು, ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು ಆ ತುಣುಕನ್ನೇ ಹಿಗ್ಗಿಸುವ ವಿದ್ಯೆ ಅವನದು. ಹಿಪ್‌ಹಾಪ್‌ನ ಹುಟ್ಟುಹಬ್ಬವೆಂದು ಜಗತ್ತು ಈಗ ಆಚರಿಸುವುದು ಆ ದಿನವನ್ನೇ. ನಮ್ಮ ಪಂಚಾಂಗದ ಲೆಕ್ಕದಲ್ಲಿ ಅದು ಶ್ರಾವಣ. ಅಣ್ಣ ತಾಳ ಹಾಕಿದ, ಕೂಟ ಕಟ್ಟಿದವಳು ತಂಗಿ. ಪಂಚಮಿಯ ಪಡಸಾಲೆಯಲ್ಲಿ ಕೂತಿದ್ದ ಇನ್ನೊಂದು ಅಣ್ಣ–ತಂಗಿಯ ಜೋಡಿ ನನಗೆ ನೆನಪಾಗದೆ ಹೇಗಿದ್ದೀತು?

ರ‍್ಯಾಪ್ ಅನ್ನು ಬೀದಿಯಿಂದ ಎತ್ತಿ ರೆಕಾರ್ಡಿಗೆ ತಂದವಳೂ ಹೆಣ್ಣೇ. ಸಿಲ್ವಿಯಾ ರಾಬಿನ್ಸನ್ ಎಂಬಾಕೆ ತಾನೇ ಹಾಡುಗಾರ್ತಿ, ಗಂಡನ ಜೊತೆ ಸೇರಿ ನ್ಯೂಜೆರ್ಸಿಯಲ್ಲಿ ಶುಗರ್ ಹಿಲ್ ರೆಕಾರ್ಡ್ಸ್ ಶುರುಮಾಡಿದವಳು. ಪಿಜ್ಜಾ ಅಂಗಡಿಯಲ್ಲಿ ಕೆಲಸ ಮಾಡುತ್ತ ರ‍್ಯಾಪ್ ಹೇಳುತ್ತಿದ್ದ ಹುಡುಗನನ್ನು ಹಿಡಿದು, ಇನ್ನಿಬ್ಬರನ್ನು ಕೂಡಿಸಿ 1979ರಲ್ಲಿ ‘ರ‍್ಯಾಪರ್ಸ್ ಡಿಲೈಟ್’ ಮಾಡಿಸಿದಳು. ಬ್ರಾಂಕ್ಸ್ ದಾಟಿ ರ‍್ಯಾಪ್ ಜಗತ್ತಿನ ಕಿವಿಗೆ ಬಿದ್ದದ್ದು ಆ ಹಾಡಿನಿಂದ. ಮೂರು ವರ್ಷ ಬಿಟ್ಟು 1982ರಲ್ಲಿ ‘ದಿ ಮೆಸೇಜ್’ ಬಂತು. ಬಡಕೇರಿಯ ಬದುಕನ್ನು ಇದ್ದದ್ದು ಇದ್ದ ಹಾಗೆ ಹೇಳಿದ ಹಾಡು ಅದು. ಅದರ ಹಿಂದೆ ನಿಂತು ಮಾಡಿಸಿದವಳೂ ಸಿಲ್ವಿಯಾ.

ಇನ್ನು 1984. ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿ. ಯುಟಿಎಫ್ಒ ಎಂಬ ಗಂಡುಹುಡುಗರ ತಂಡ ಒಂದು ಹಾಡು ಬಿಟ್ಟಿತು. ರಾಕ್ಸಾನ್ ಎಂಬ ಹುಡುಗಿಯನ್ನು ಒಲಿಸಿಕೊಳ್ಳಲು ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ, ಆಕೆ ಯಾರಿಗೂ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಆಕೆಯನ್ನು ಹಂಗಿಸುತ್ತಾರೆ. ಹಾಡಿನ ಒಳಗೆ ಆ ಹುಡುಗಿಗೆ ಮಾತಿಲ್ಲ. ಕ್ವೀನ್ಸ್‌ಬ್ರಿಜ್ ವಸತಿಯಲ್ಲಿದ್ದ ಒಬ್ಬಳು ಹದಿನಾಲ್ಕು ವರ್ಷದ ಹುಡುಗಿ ಇದನ್ನು ಕೇಳಿದಳು. ಅದೇ ವಸತಿಯ ಮಾರ್ಲಿ ಮಾರ್ಲ್ ಎಂಬ ಡಿಜೆಯ ಮನೆಯಲ್ಲಿ ಕೂತು, ತಾನೇ ಆ ರಾಕ್ಸಾನ್ ಎಂದುಕೊಂಡು, ಬಾಯಿಗೆ ಬಂದ ಪ್ರಾಸದಲ್ಲಿ ಆ ಹುಡುಗರಿಗೆ ಒಬ್ಬೊಬ್ಬರಿಗೂ ಜವಾಬು ಕೊಟ್ಟಳು. ‘ರಾಕ್ಸಾನ್ಸ್ ರಿವೆಂಜ್’ ಆ ಹಾಡು, ರಾಕ್ಸಾನ್ ಶಾಂಟೆ ಆ ಹುಡುಗಿ. ಅದಕ್ಕೆ ಮತ್ತೊಬ್ಬರು ಜವಾಬು ಹಾಡಿದರು, ಅದಕ್ಕೆ ಇನ್ನೊಬ್ಬರು. ಕೆಲವೇ ತಿಂಗಳಲ್ಲಿ ಹತ್ತಾರು ಎದುರುಹಾಡುಗಳು ಬಂದವು. ಹದಿನಾಲ್ಕು ವರ್ಷದ ಹುಡುಗಿ ಎದ್ದು ನಿಂತು ಪಾಳಿ ಕೇಳಿದ್ದಳು, ಅಂಗಳ ಕೊಟ್ಟಿತ್ತು.

ಹಾಗಾದರೆ ನಮ್ಮ ಹುಡುಗನ ಕಿವಿಯಲ್ಲಿದ್ದ ಹಾಡಿನಲ್ಲಿ ಆಕೆಯ ಪಾಳಿ ಎಲ್ಲಿ ಹೋಯಿತು?

ಒಂದು ಮಾತು ಮೊದಲೇ ಹೇಳಿಬಿಡಬೇಕು. ರ‍್ಯಾಪ್ ಎಂದರೆ ಹೆಣ್ಣನ್ನು ಬೈಯುವುದು ಎಂದು ತಿಳಿದವರು ತಪ್ಪು ತಿಳಿದಿದ್ದಾರೆ. ರೊನಾಲ್ಡ್ ವೈಟ್ಸರ್, ಕ್ಯಾರಿಸ್ ಕುಬ್ರಿನ್ ಎಂಬಿಬ್ಬರು ಸಮಾಜಶಾಸ್ತ್ರಜ್ಞರು 1992ರಿಂದ 2000ದ ತನಕ ಹತ್ತು ಲಕ್ಷಕ್ಕಿಂತ ಹೆಚ್ಚು ಮಾರಾಟವಾದ ರ‍್ಯಾಪ್ ಆಲ್ಬಮ್‌ಗಳಿಂದ 403 ಹಾಡು ಆರಿಸಿ ಸಾಲುಸಾಲಾಗಿ ಓದಿದರು. 2009ರಲ್ಲಿ ಪ್ರಕಟವಾದ ಅವರ ಲೆಕ್ಕದಲ್ಲಿ ಹೆಣ್ಣನ್ನು ಹೀಗಳೆಯುವ ಮಾತು ಇದ್ದದ್ದು ಶೇಕಡಾ 22ರಷ್ಟು ಹಾಡುಗಳಲ್ಲಿ. ಉಳಿದವುಗಳಲ್ಲಿ ಬಡತನ, ಪೊಲೀಸು, ಗೆಳೆತನ, ತಾಯಿ, ಜಂಬ, ಸಾವು ಇದ್ದವು. ಆದರೆ ಐದರಲ್ಲಿ ಒಂದು ಎಂಬುದೂ ಸಣ್ಣ ಲೆಕ್ಕವಲ್ಲ. ದಿನಕ್ಕೆ ಐವತ್ತು ಹಾಡು ಕೇಳುವ ಹುಡುಗನಿಗೆ ಅದು ಹತ್ತು ಹಾಡಾಯಿತು. ಆ ಹಾಡುಗಳಲ್ಲಿ ಏನಿತ್ತು ಎಂದೂ ಅವರು ಬಿಡಿಸಿಟ್ಟರು. ಹೆಣ್ಣಿಗೆ ಕೆಟ್ಟ ಹೆಸರಿಡುವುದು, ಆಕೆಯನ್ನು ಮೈಯಾಗಿ ಮಾತ್ರ ನೋಡುವುದು, ಆಕೆಯನ್ನು ನಂಬಬೇಡ ಎನ್ನುವುದು, ಹೊಡೆಯುವುದು ಸರಿ ಎನ್ನುವುದು, ಮಾರುವುದನ್ನು ಮೆಚ್ಚುವುದು. ಇದರಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ನಂಬಬೇಡ ಎನ್ನುವ ಮಾತು. ಹದಿನೇಳು ವರ್ಷದ ಹುಡುಗ ಒಬ್ಬ ಹುಡುಗಿಯ ಜೊತೆ ಇನ್ನೂ ನೆಟ್ಟಗೆ ಹತ್ತು ಮಾತು ಆಡಿರುವುದಿಲ್ಲ. ಅಷ್ಟರಲ್ಲೇ ಅವಳು ಮೋಸಗಾರ್ತಿ ಎಂದು ಅವನ ಕಿವಿ ತೀರ್ಮಾನ ಮಾಡಿರುತ್ತದೆ.

ಯಾವ ಹಾಡು ಮುಂದೆ ಬರುತ್ತದೆ, ಯಾವುದು ಹಿಂದೆ ಉಳಿಯುತ್ತದೆ ಎಂಬುದಕ್ಕೆ ಸಂತೆಯ ನಿಯಮ ಬೇರೆ. 1996ರಲ್ಲಿ ಅಮೆರಿಕದ ದೂರಸಂಪರ್ಕ ಕಾನೂನು ಬದಲಾಯಿತು. ಅಲ್ಲಿಯ ತನಕ ಒಂದು ಕಂಪನಿ ದೇಶದಲ್ಲಿ 40 ರೇಡಿಯೋ ಕೇಂದ್ರಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಆ ಮಿತಿ ಹೋಯಿತು. ಕೆಲವೇ ವರ್ಷದಲ್ಲಿ ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿಯ ಕೈಯಲ್ಲಿ ಸುಮಾರು 1,200 ಕೇಂದ್ರಗಳು ಸೇರಿದವು. ಊರೂರಿನ ಡಿಜೆ ತನ್ನ ಕೇರಿಯ ಹುಡುಗಿಯ ಹಾಡು ಹಾಕುವ ಕಾಲ ಮುಗಿಯಿತು. ಎಲ್ಲಿ ತಿರುಗಿಸಿದರೂ ಅದೇ ಕೆಲವು ಹಾಡು. ‘ದಿ ಹಿಪ್‌ಹಾಪ್ ವಾರ್ಸ್’ ಎಂಬ ಪುಸ್ತಕ ಬರೆದ ಪ್ರೊಫೆಸರ್ ಟ್ರಿಷಿಯಾ ರೋಸ್ ಬೊಟ್ಟು ಮಾಡಿ ತೋರಿಸುವುದು ಇದನ್ನೇ. ಬಂದೂಕು, ದಂಧೆ, ಹೆಣ್ಣಿನ ಮೈ, ಈ ಮೂರು ಸರಕು ಗೊತ್ತಾದ ಗಿರಾಕಿಗೆ ಸಲೀಸಾಗಿ ಮಾರಾಟವಾಗುತ್ತವೆ ಎಂದು ಕಂಡ ಮೇಲೆ ವ್ಯಾಪಾರ ಅದನ್ನೇ ಕಟ್ಟಿಕೊಂಡಿತು. ಜಾತ್ರೆಯ ಕಟ್ಟೆಯ ಮೇಲೆ ಹರದೇಶಿಯವರಿಗೆ ಮಾತ್ರ ಮೈಕು ಕೊಟ್ಟು ನಾಗೇಶಿಯವರ ಮೈಕಿನ ತಂತಿ ಕಿತ್ತ ಹಾಗಾಯಿತು.

ಅಲ್ಲಿಂದ ಬೀಗರ ಹಾಡಿಗೆ ಒಂದು ಸುತ್ತು ಹೋಗಿ ಬರುತ್ತೇನೆ. ನಮ್ಮ ಮದುವೆಗಳಲ್ಲಿ ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲೇ ಝಾಡಿಸುತ್ತಿದ್ದರು. ಬೀಗರ ಹೊಟ್ಟೆ, ಬೀಗತಿಯ ಮೂಗು, ತಂದ ಸೀರೆಯ ಬಣ್ಣ, ಯಾವುದನ್ನೂ ಬಿಡುತ್ತಿರಲಿಲ್ಲ. ಕೇಳಿದವರಿಗೆ ಸಿಟ್ಟು ಬರುತ್ತಿರಲಿಲ್ಲ. ಏಕೆಂದರೆ ಸ್ವಲ್ಪ ಹೊತ್ತಿಗೆ ಅವರ ಪಾಳಿ ಬರುವುದು ಗ್ಯಾರಂಟಿ. ಅಮೆರಿಕದ ಕಪ್ಪುಜನರಲ್ಲೂ ಇಂಥದೊಂದು ಆಟವಿದೆ, ಡಝನ್ಸ್ ಎನ್ನುತ್ತಾರೆ. ಎದುರುಬದುರು ನಿಂತು, ಪಾಳಿ ಹಿಡಿದು, ಒಬ್ಬರ ಮನೆಮಂದಿಯನ್ನು ಒಬ್ಬರು ಮಾತಿನಲ್ಲಿ ಸೋಲಿಸುವ ಆಟ. 1990ರಲ್ಲಿ ಇದು ಕೋರ್ಟಿನಲ್ಲೇ ಚರ್ಚೆಗೆ ಬಂತು. ಫ್ಲೋರಿಡಾದ 2 ಲೈವ್ ಕ್ರ್ಯೂ ಎಂಬ ತಂಡದ ಆಲ್ಬಮ್ ಒಂದನ್ನು ಫೆಡರಲ್ ನ್ಯಾಯಾಧೀಶರು ಅಶ್ಲೀಲವೆಂದು ತೀರ್ಪಿತ್ತರು. ಅದನ್ನು ಮಾರಿದ ಅಂಗಡಿಯವನನ್ನು ಹಿಡಿದರು, ಹಾಡಿದವರನ್ನೂ ಹಿಡಿದರು. ಹಾಡುಗಾರರ ಪರ ಸಾಕ್ಷಿ ಹೇಳಲು ಬಂದ ವಿದ್ವಾಂಸ ಹೆನ್ರಿ ಲೂಯಿ ಗೇಟ್ಸ್ ಈ ಮಾತಿನಾಟದ ಪರಂಪರೆಯನ್ನೇ ಎತ್ತಿ ಹೇಳಿದರು. ಹಾಡುಗಾರರು ಖುಲಾಸೆಯಾದರು. 1992ರಲ್ಲಿ ಮೇಲಿನ ಕೋರ್ಟು ಅಶ್ಲೀಲದ ತೀರ್ಪನ್ನೂ ತಳ್ಳಿಹಾಕಿತು.

ಆ ಸಮಯದಲ್ಲಿ ಕಿಂಬರ್ಲೆ ಕ್ರೆನ್ಶಾ ಎಂಬ ಕಪ್ಪು ಮಹಿಳೆ, ಕಾನೂನು ಪ್ರಾಧ್ಯಾಪಕಿ, ಈ ವಿಷಯದ ಮೇಲೆ ಬರೆದರು. ಅವರ ಸಂಕಟ ನನಗೆ ತೀರ ಹತ್ತಿರದ್ದು ಅನ್ನಿಸಿತು. ಕಪ್ಪುಹುಡುಗರನ್ನಷ್ಟೇ ಆರಿಸಿ ಜೈಲಿಗೆ ಹಾಕುವವರ ಜೊತೆ ಆಕೆ ನಿಲ್ಲಲಾರರು. ಅದರಲ್ಲಿ ಬಣ್ಣದ ದ್ವೇಷವಿದೆ. ಇದು ನಮ್ಮ ಪರಂಪರೆ, ಬರೀ ತಮಾಷೆ ಎಂದು ನಗುವವರ ಜೊತೆಗೂ ನಿಲ್ಲಲಾರರು. ಆ ತಮಾಷೆಯಲ್ಲಿ ಹರಿದು ಹಂಚಿಹೋಗುವ ಮೈ ತನ್ನಂಥವಳದೇ. ಎರಡೂ ಕಡೆಯವರು ಆ ಹೆಣ್ಣಿನ ಹೆಸರಿನಲ್ಲಿ ಮಾತಾಡಿದರು, ಆಕೆಯನ್ನು ಮಾತ್ರ ಯಾರೂ ಕೇಳಲಿಲ್ಲ. ಪರಂಪರೆ ಎನ್ನುವವರಿಗೆ ನನ್ನದೊಂದು ಪ್ರಶ್ನೆ ಇದೆ. ಬೀಗರ ಹಾಡಾಗಲಿ, ಡಝನ್ಸ್ ಆಗಲಿ, ಹರದೇಶಿ–ನಾಗೇಶಿಯಾಗಲಿ, ಎದುರಾಳಿ ಎದುರಿಗೇ ಇರುತ್ತಾರೆ, ಬಾಯಿ ತೆರೆದು ಕಾಯುತ್ತಿರುತ್ತಾರೆ. ಸ್ಟುಡಿಯೋದ ಬಾಗಿಲು ಹಾಕಿಕೊಂಡು, ಹೆಸರೇ ಇಲ್ಲದ ಒಬ್ಬಳನ್ನು ಬೈದು, ಅದನ್ನು ಲಕ್ಷಗಟ್ಟಲೆ ಕಿವಿಗೆ ತುಂಬುವುದು ಯಾವ ಪರಂಪರೆ? ಪಾಳಿ ಇಲ್ಲದ ಬೈಗುಳಕ್ಕೆ ಆಟದ ಹೆಸರು ಒಪ್ಪುವುದಿಲ್ಲ.

ಆದರೂ ಆಕೆ ಸುಮ್ಮನಿರಲಿಲ್ಲ. ನ್ಯೂಜೆರ್ಸಿಯ ನ್ಯೂವಾರ್ಕ್‌ನಿಂದ ಬಂದ ಕ್ವೀನ್ ಲತೀಫಾ 1993ರಲ್ಲಿ ‘ಯು.ಎನ್.ಐ.ಟಿ.ವೈ.’ ಎಂಬ ಹಾಡು ಹಾಡಿದರು. ಬೀದಿಯಲ್ಲಿ ನಡೆದು ಹೋಗುವಾಗ ಮೈಮುಟ್ಟಿದವನನ್ನು ತಿರುಗಿ ನಿಂತು ಕೇಳುವುದು ಮೊದಲ ಭಾಗ. ಹೊಡೆಯುವ ಗಂಡಸನ್ನು ಬಿಟ್ಟು ಹೊರಬರುವುದು ಎರಡನೆಯದು. ಗಂಡುಹುಡುಗರ ಹಾಗೆ ಪುಂಡಾಟಕ್ಕೆ ಇಳಿಯುವ ಹುಡುಗಿಗೆ ಬುದ್ಧಿ ಹೇಳುವುದು ಮೂರನೆಯದು. ನಮ್ಮ ಹುಡುಗನ ಹಾಡಿನಲ್ಲಿ ಮೂರು ಸಲ ಬಂದ ಶಬ್ದವನ್ನೇ ಎತ್ತಿ, ಯಾರಿಗೆ ಅಂದಿರಿ ಎಂದು ಕೇಳುವ ಹಾಡು ಅದು. 1995ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು. 1998ರಲ್ಲಿ ಬಂದ ಲಾರಿನ್ ಹಿಲ್ ಅವರ ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’ ಮರುವರ್ಷ ವರ್ಷದ ಆಲ್ಬಮ್ ಎಂಬ ಗ್ರ್ಯಾಮಿ ಪಡೆಯಿತು. ಹಿಪ್‌ಹಾಪ್‌ಗೆ ಆ ಗೌರವ ಮೊದಲ ಸಲ ದಕ್ಕಿದ್ದು ಒಬ್ಬ ಹೆಣ್ಣಿನಿಂದ.

ಇನ್ನೊಂದು ಜವಾಬು ಹಾಡಿನಲ್ಲಿ ಬರಲಿಲ್ಲ, ಆದರೆ ನನಗೆ ಅದೇ ಎಲ್ಲಕ್ಕಿಂತ ದೊಡ್ಡದು. ಅಟ್ಲಾಂಟಾದಲ್ಲಿ ಸ್ಪೆಲ್‌ಮನ್ ಎಂಬ ಕಾಲೇಜಿದೆ, ಕಪ್ಪು ಹೆಣ್ಣುಮಕ್ಕಳಿಗಾಗಿ 1881ರಲ್ಲಿ ಶುರುವಾದದ್ದು. 2004ರಲ್ಲಿ ನೆಲ್ಲಿ ಎಂಬ ದೊಡ್ಡ ರ‍್ಯಾಪರನ ಸಂಸ್ಥೆ ಅಲ್ಲಿ ಅಸ್ಥಿಮಜ್ಜೆ ದಾನಿಗಳ ನೋಂದಣಿ ಶಿಬಿರ ನಡೆಸಬೇಕಿತ್ತು. ಅವನ ಸಹೋದರಿಗೆ ರಕ್ತದ ಕ್ಯಾನ್ಸರ್. ಹೊಂದುವ ಅಸ್ಥಿಮಜ್ಜೆ ಸಿಗಬೇಕಾದರೆ ಹೆಚ್ಚು ಹೆಚ್ಚು ಕಪ್ಪುಜನ ಹೆಸರು ಬರೆಸಬೇಕು. ಒಳ್ಳೆಯ ಕೆಲಸವೇ. ಆದರೆ ಆ ಹೊತ್ತಿಗೆ ಅವನ ಒಂದು ವಿಡಿಯೋ ಹೊರಬಂದಿತ್ತು. ಹೆಣ್ಣೊಬ್ಬಳ ಹಿಂಬದಿಯಲ್ಲಿ ಕ್ರೆಡಿಟ್ ಕಾರ್ಡ್ ತೀಡುವ ದೃಶ್ಯ ಅದರಲ್ಲಿತ್ತು. ಅಂಗಡಿಯಲ್ಲಿ ಸಾಮಾನು ಕೊಂಡು ಕಾರ್ಡ್ ತೀಡುವುದಿಲ್ಲವೇ, ಹಾಗೆ. ವಿದ್ಯಾರ್ಥಿನಿಯರು ಹೇಳಿದ್ದು ಇಷ್ಟೇ: ಬನ್ನಿ, ಶಿಬಿರ ಮಾಡೋಣ, ಜೊತೆಗೆ ಕೂತು ಈ ವಿಡಿಯೋ ಬಗ್ಗೆಯೂ ಮಾತಾಡೋಣ. ನಮ್ಮ ಮಜ್ಜೆ ನಿಮ್ಮ ಸಹೋದರಿಗೆ ಬೇಕಾದರೆ, ನಮ್ಮ ಮಾತೂ ಬೇಕಲ್ಲವೇ?

ಕಾರ್ಯಕ್ರಮ ರದ್ದಾಯಿತು. ಹುಡುಗಿಯರು ಹಿಂದೆ ಸರಿಯಲಿಲ್ಲ, ತಾವೇ ಅಸ್ಥಿಮಜ್ಜೆ ನೋಂದಣಿ ಶಿಬಿರ ನಡೆಸಿದರು. ಮರುವರ್ಷ ನೆಲ್ಲಿಯ ಸಹೋದರಿ ತೀರಿಕೊಂಡಳು. ಅಣ್ಣತಮ್ಮಂದಿರ ದುಃಖ ಎಂಥದೆಂದು ನನಗೆ ಗೊತ್ತು. ಆ ಗಾಯದ ಮೇಲೆ ಉಪ್ಪು ಹಾಕುವ ಮನಸ್ಸಿಲ್ಲ. ಅವನು ಒಂದು ಹೆಣ್ಣಿಗಾಗಿ ಊರೂರು ಅಲೆಯುವಷ್ಟು ಪ್ರೀತಿ ಉಳ್ಳವನು. ಅದೇ ಮನುಷ್ಯನ ವಿಡಿಯೋದಲ್ಲಿ ಇನ್ನೊಂದು ಹೆಣ್ಣು ಕಾರ್ಡ್ ತೀಡುವ ಯಂತ್ರವಾಗಿದ್ದಳು. ನಮ್ಮ ಮನೆ ಹೆಣ್ಣು, ಪರರ ಮನೆ ಹೆಣ್ಣು ಎಂಬ ಈ ಗೆರೆಯನ್ನು ನಾವೂ ನಮ್ಮ ಹುಡುಗರಿಗೆ ದಿನಾ ಎಳೆದು ಕೊಡುತ್ತೇವಲ್ಲವೇ? ಸ್ಪೆಲ್‌ಮನ್ ಹುಡುಗಿಯರಲ್ಲಿ ಮುಂದಾಳಾಗಿದ್ದ ಮೋಯಾ ಬೇಯ್ಲಿ ಮುಂದೆ ವಿದ್ವಾಂಸೆಯಾಗಿ, ಬಣ್ಣಕ್ಕಾಗಿಯೂ ಹೆಣ್ಣೆಂಬುದಕ್ಕಾಗಿಯೂ ಕಪ್ಪು ಹೆಣ್ಣಿನ ಮೇಲೆ ಬೀಳುವ ಇಬ್ಬಗೆಯ ತಿರಸ್ಕಾರಕ್ಕೆ ‘ಮಿಸೋಜಿನ್ವಾರ್’ ಎಂಬ ಹೊಸ ಶಬ್ದವನ್ನೇ ಕಟ್ಟಿಕೊಟ್ಟರು. ಹೆಸರಿಲ್ಲದ ನೋವಿಗೆ ಹೆಸರು ಕೊಡುವುದೂ ಒಂದು ಜವಾಬೇ.

ಹಾಡು ಕೇಳಿ ಮಕ್ಕಳು ಕೆಡುತ್ತಾರೆಯೇ? ಶಿಕ್ಷಕಿಯಾಗಿ ಈ ಪ್ರಶ್ನೆಯನ್ನು ಪಾಲಕರ ಸಭೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಒಂದು ಹಾಡಿನಿಂದ ಒಬ್ಬ ಹುಡುಗ ಕೆಟ್ಟ ಎಂದು ಯಾರೂ ಹೇಳಲಾಗದು. ಆದರೆ ಅಮೆರಿಕದ ರ‍್ಯಾಂಡ್ ಸಂಸ್ಥೆಯವರು 12ರಿಂದ 17 ವಯಸ್ಸಿನ 1,461 ಮಕ್ಕಳನ್ನು ಕೆಲವು ವರ್ಷ ಬೆನ್ನು ಹತ್ತಿ ಕೇಳಿ ನೋಡಿ 2006ರಲ್ಲಿ ಪ್ರಕಟಿಸಿದ ಸಂಗತಿ ಯೋಚನೆಗೆ ಹಚ್ಚುತ್ತದೆ. ಹೆಣ್ಣನ್ನು ಕೀಳಾಗಿ ಕಾಣಿಸುವ, ಗಂಡಿಗೆ ತೀರದ ಹಸಿವೆ ಎಂದು ತೋರಿಸುವ ಹಾಡುಗಳನ್ನು ಹೆಚ್ಚು ಕೇಳಿದ ಮಕ್ಕಳು ಬೇಗ ಲೈಂಗಿಕ ಸಂಬಂಧಕ್ಕೆ ಇಳಿದಿದ್ದರು. ಕಾಮದ ಮಾತಿದ್ದರೂ ಯಾರನ್ನೂ ಕೀಳು ಮಾಡದ ಹಾಡು ಕೇಳಿದವರಲ್ಲಿ ಹಾಗೆ ಕಾಣಲಿಲ್ಲ. ಅವರು ನೋಡಿದ್ದು ರ‍್ಯಾಪ್ ಒಂದನ್ನೇ ಅಲ್ಲ, ಎಲ್ಲ ಬಗೆಯ ಹಾಡುಗಳನ್ನು. ಅಂದರೆ ತಾಳಕ್ಕೆ ದೋಷವಿಲ್ಲ, ಪ್ರೇಮಕ್ಕೂ ದೋಷವಿಲ್ಲ. ಕೀಳು ಮಾಡುವ ಮಾತು ಮಾತ್ರ ಒಳಗೆ ಇಳಿದು ಕೂರುತ್ತದೆ. ‘ಮಾತು ಯಾರ್ ಕೇಳ್ತಾರ’ ಎಂಬ ನಮ್ಮ ಹುಡುಗನಿಗೆ ನಾನು ಹೇಳಬೇಕಾದದ್ದು ಇದನ್ನೇ. ನೀನು ಕೇಳದಿದ್ದರೂ ಮಾತು ನಿನ್ನನ್ನು ಕೇಳಿಸಿಕೊಳ್ಳುತ್ತಿರುತ್ತದೆ, ಮಗನೇ. ಮಗ್ಗಿಯನ್ನು ನೀನು ರಾಗದಲ್ಲಿ ಹೇಳಿ ಹೇಳಿಯೇ ಕಲಿತವನು. ಏಳೇಳಲೆ ಎಷ್ಟು ಎಂದು ನಿದ್ದೆಯಲ್ಲಿ ಕೇಳಿದರೂ ಹೇಳುತ್ತೀ.

ಇದೆಲ್ಲ ಅಮೆರಿಕದಿಂದ ಬಂದ ಕೊಳೆ ಎಂದು ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಯಾವ ರ‍್ಯಾಪರನೂ ನಮಗೆ ಕಲಿಸಲಿಲ್ಲ. ಹುಡುಗಿ ಬೇಡ ಎಂದರೂ ಹಿಂದೆ ಬಿದ್ದು ಪೀಡಿಸುವುದೇ ಪ್ರೀತಿ ಎಂದು ನಮ್ಮ ಸಿನಿಮಾಗಳು ಎಷ್ಟು ದಶಕ ಹಾಡಿದವು! 2012ರ ಡಿಸೆಂಬರಿನಲ್ಲಿ ದಿಲ್ಲಿಯ ಬಸ್ಸಿನಲ್ಲಿ ಆ ಘೋರ ಅತ್ಯಾಚಾರ ನಡೆದಾಗ ದೇಶ ಒಮ್ಮೆ ತನ್ನ ಹಾಡುಗಳನ್ನೂ ತಿರುಗಿ ನೋಡಿತು. ಹನಿ ಸಿಂಗ್ ಹೆಸರಿನಲ್ಲಿ ಓಡಾಡುತ್ತಿದ್ದ ಒಂದು ಹಾಡಿನ ಮಾತುಗಳಿಗೆ ಜನ ಸಿಡಿದೆದ್ದು, ಗುರುಗ್ರಾಮದಲ್ಲಿ ಅವನ ಹೊಸವರ್ಷದ ಕಾರ್ಯಕ್ರಮ ರದ್ದಾಯಿತು. ಆ ಹಾಡು ತನ್ನದಲ್ಲ ಎಂದು ಅವನು ಹೇಳಿದ. ಅದೇನೇ ಇರಲಿ, ಅಂಥದೊಂದು ಹಾಡು ಅಷ್ಟು ವರ್ಷ ಕಾಲೇಜು ಹಾಸ್ಟೆಲುಗಳಲ್ಲಿ ಮೊಳಗುತ್ತಿದ್ದಾಗ ಯಾರಿಗೂ ಏನೂ ಅನ್ನಿಸಿರಲಿಲ್ಲವಲ್ಲ ಎಂಬುದೇ ನನ್ನ ದುಃಖ.

ತಾಳಕ್ಕೆ ದೋಷವಿಲ್ಲ ಎಂದೆ. ಅದಕ್ಕೊಂದು ಪುರಾವೆ ನಮ್ಮ ನೆರೆಯಲ್ಲೇ ಇದೆ. ನಿಕಿ ಮಿನಾಜ್ ಅವರ ‘ಅನಕೊಂಡ’ ಎಂಬ ಹಾಡು ಮೈ ಕುಣಿಸುವುದಕ್ಕೆ ಹೆಸರಾದದ್ದು. 2015ರಲ್ಲಿ ಚೆನ್ನೈನ ಸೋಫಿಯಾ ಅಶ್ರಫ್ ಅದೇ ತಾಳಕ್ಕೆ ತನ್ನ ಮಾತು ಕೂಡಿಸಿ, ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸದಿಂದ ಕಾರ್ಮಿಕರಿಗೆ ಆದ ಅನ್ಯಾಯವನ್ನು ರ‍್ಯಾಪ್ ಮಾಡಿ ಹೇಳಿದಳು. ಲಕ್ಷಾಂತರ ಜನ ಕೇಳಿದರು. ವರ್ಷಗಟ್ಟಲೆ ಎಳೆದಾಡಿದ್ದ ವ್ಯಾಜ್ಯದಲ್ಲಿ 2016ರಲ್ಲಿ ಕಂಪನಿ 591 ಮಾಜಿ ಕಾರ್ಮಿಕರ ಜೊತೆ ರಾಜಿ ಮಾಡಿಕೊಂಡಿತು. ಆ ಗೆಲುವು ಕಾರ್ಮಿಕರ ಹದಿನೈದು ವರ್ಷದ ಹೋರಾಟದ್ದು, ನಿಜ. ಆದರೆ ಅವರ ಕೂಗನ್ನು ದೇಶದ ಕಿವಿಗೆ ಮುಟ್ಟಿಸಿದ್ದು ಒಂದು ಹುಡುಗಿಯ ಬಾಯಿ, ಒಂದು ರ‍್ಯಾಪ್ ತಾಳ. ನಮ್ಮ ಬೆಂಗಳೂರಿನಲ್ಲೂ ಸಿರಿ ಎಂಬ ಹುಡುಗಿ ಕನ್ನಡದಲ್ಲಿ ರ‍್ಯಾಪ್ ಹೇಳುತ್ತಾಳೆ. ಹುಡುಗರ ಕನ್ನಡ ರ‍್ಯಾಪ್ ಊರೆಲ್ಲ ಮೊಳಗುವಾಗ, ಅಂಥವರ ಹೆಸರು ನಮ್ಮ ಮನೆಯ ಹುಡುಗಿಯರಿಗೆ ಗೊತ್ತಿದೆಯೇ? ನಾವು ಹೇಳಿದ್ದೇವೆಯೇ?

ಅದಕ್ಕೇ ಮೊಬೈಲ್ ಕಿತ್ತುಕೊಳ್ಳುವುದರಲ್ಲಿ ನನಗೆ ನಂಬಿಕೆ ಇಲ್ಲ. ಕಿತ್ತುಕೊಂಡರೆ ಹುಡುಗ ಮಾಳಿಗೆ ಮೇಲೆ ಹೋಗಿ ಕೇಳುತ್ತಾನೆ, ಆಗ ಅವನ ಜೊತೆ ಯಾರೂ ಇರುವುದಿಲ್ಲ. ಜೊತೆಗೆ ಕೂತು ಒಂದು ಇಯರ್‌ಬಡ್ ಇಸಿದುಕೊಳ್ಳಬೇಕು. ಆ ಹಾಡಿನೊಳಗೆ ಮಾತಿಲ್ಲದೆ ನಿಂತಿರುವ ಹುಡುಗಿ ಯಾರು, ಆಕೆಗೆ ಬಾಯಿ ಇದ್ದಿದ್ದರೆ ಏನನ್ನುತ್ತಿದ್ದಳು ಎಂದು ಕೇಳಬೇಕು. ಮನೆಯಲ್ಲಿ ತಂಗಿ ಇದ್ದರೆ ಅವಳನ್ನೂ ಕರೆದು ಕೂರಿಸಿಕೊಳ್ಳಬೇಕು.

ಇದನ್ನೆಲ್ಲ ಓದಿ ಗುಡ್ಡೆ ಹಾಕಿಕೊಂಡು, ದೀಪಾವಳಿಗೆ ಮತ್ತೆ ಊರಿಗೆ ಹೋದೆ. ಅದೇ ಪಡಸಾಲೆ, ಈ ಸಲ ಶೇಂಗಾ ಹೋಳಿಗೆಗೆ. ಕಾಳು ತಿಕ್ಕುತ್ತ ಅಣ್ಣ–ತಂಗಿ ಇಬ್ಬರಿಗೂ ಸಿಂಡಿಯ ಕಥೆ ಹೇಳಿದೆ, ರಾಕ್ಸಾನ್ ಶಾಂಟೆಯ ಕಥೆ ಹೇಳಿದೆ, ನಮ್ಮ ಆಯಿ ಜಾತ್ರೆಯಲ್ಲಿ ಏಳದೆ ಕೂರುತ್ತಿದ್ದದ್ದನ್ನು ಹೇಳಿದೆ. ಹುಡುಗನಿಗೆ ಕೂಲ್ ಹರ್ಕ್ ಹೆಸರು ಗೊತ್ತಿತ್ತು. ಅವನಿಗೆ ತಂಗಿ ಇದ್ದದ್ದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನೆ ತಿಕ್ಕಿದ. ಆಮೇಲೆ ಮೆಲ್ಲಗೆ, “ಮಾತು ಯಾರ್ ಕೇಳ್ತಾರ ಅಂದಿದ್ನೆಲ್ಲ ಅತ್ತಿ, ಅದು ಖರೇ ಅಲ್ಲ ಬಿಡು” ಅಂದ.

“ನಾ ಕೇಳ್ತೀನಿ” ಅಂದಳು ತಂಗಿ. ಪಂಚಮಿಯಲ್ಲಿ ಆಡದೆ ಉಳಿದ ಮಾತು ಅದು. “ನೀ ಹಾಡಿದಾಗೆಲ್ಲ ನನಗ ಕೇಳಸ್ತದ. ನನಗ ಅಂದಂಗ ಆಗ್ತದ.”

ಹುಡುಗ ತಲೆ ತಗ್ಗಿಸಿದ. ನಾನೂ ಏನೂ ಹೇಳಲಿಲ್ಲ, ಹೇಳಬೇಕಾದವಳು ಹೇಳಿಯಾಗಿತ್ತು. ಅವಳು ಮೊರದಲ್ಲಿದ್ದ ಕಾಳನ್ನು ಬುಟ್ಟಿಗೆ ಸುರಿದಳು. ಖಾಲಿ ಮೊರವನ್ನು ಬೋರಲು ಹಾಕಿ ಮೊಣಕಾಲ ಮೇಲೆ ಇಟ್ಟುಕೊಂಡು, ಬೆರಳಿನಿಂದ ಎರಡು ಸಲ ಮೆಲ್ಲಗೆ, ಒಂದು ಸಲ ಜೋರಾಗಿ ಬಡಿದು ನೋಡಿದಳು. ದಪ್ಪಿನ ಹಾಗೆಯೇ ಕೇಳಿತು. ಮೊರವನ್ನು ಅಣ್ಣನ ಕಡೆ ಸರಿಸಿದಳು.

“ಬೀಟ್ ಹಾಕು ಅಣ್ಣಾ” ಅಂದಳು. “ಈಗ ನನ್ನ ಪಾಳಿ.”